ನಾಲ್ಕು ಬೆರಳು ಗಿಡ್ಡ ಪರದೆ

ಪರದೆ ನಾಲ್ಕು ಬೆರಳು ಗಿಡ್ಡ, ಅಳೆದಾಗ ಸರಿಯಾಗಿಯೇ ಇತ್ತು, ಒಗೆದ ಮೇಲೆ ಕುಗ್ಗಿತೋ ಅಥವಾ ಹರಿದಾಸ ತಂತಿಯನ್ನೇ ಮೇಲಕ್ಕೆ ಬಿಗಿದನೋ, ಈಗ ಅದರ ಅಂಚಿನ ಕೆಳಗೆ ಅಕ್ಕಿ ಮೂಟೆಯ ಎರಡು ಮೂಲೆಗಳು ಯಾರೋ ಅಡಗಿ ನಿಂತವರ ಹೆಬ್ಬೆರಳುಗಳ ಹಾಗೆ ಕಾಣುತ್ತಿವೆ — ವಸಂತಿ ಸ್ಟೂಲಿನ ಮೇಲೆ ನಿಂತೇ ನೋಡಿದಳು, ಇಳಿದು ನೋಡಿದಳು, ಬಾಗಿಲಿಗೆ ಹೋಗಿ ಒಳಗೆ ಬರುವವರ ಕಣ್ಣಿನಿಂದ ನೋಡಿದಳು, ಎಲ್ಲಿಂದ ನೋಡಿದರೂ ಹೆಬ್ಬೆರಳು ಹೆಬ್ಬೆರಳೇ. ಗಂಟೆ ಮೂರೂ ಇಪ್ಪತ್ತು. ನಾಲ್ಕಕ್ಕೆ ಬರುತ್ತಾರೆ, ಕನ್ನಡ ಸಂಘದ ಮಹಿಳಾ ವಿಭಾಗದ ಶಾಂತಮ್ಮನವರೂ ಪಾರ್ವತಿಬಾಯಿಯವರೂ, ಕೈಯಲ್ಲಿ ಅಂಕದ ಹಾಳೆ ಹಿಡಿದುಕೊಂಡು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬರುತ್ತಿರುವ ಸಂತೋಷಕ್ಕೆ ಕಲ್ಕತ್ತೆಯ ಕನ್ನಡತಿಯರಿಗೆಲ್ಲ ಗೃಹಾಲಂಕಾರ ಸ್ಪರ್ಧೆ, ಅಲ್ಲ ಅತ್ತಿಗೆ, ರಾಜ್ಯದ ಹೆಸರು ಬದಲಾದ್ರೆ ನಮ್ಮ ಮನೆ ಪರದೆ ಯಾಕೆ ಬದಲಾಗ್ಬೇಕು ಎಂದು ಹರಿದಾಸ ಕೇಳಿದ್ದ, ಆಮೇಲೆ ತಾನೇ ಉತ್ತರ ಕೊಟ್ಟುಕೊಂಡಿದ್ದ, ಪರದೇಶಿಗಳಿಗೆ ಪರದೆಯೇ ದೇಶ ಅಂತ. ಗಂಡನ ತಮ್ಮ, ಇಲ್ಲಿಯೇ ಬಿ.ಕಾಂ. ಓದಿ ಈಗ ಎಸ್‌ಪ್ಲನೇಡಿನ ಹೋಟೆಲಿನಲ್ಲಿ ಅಣ್ಣನ ಜೊತೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ, ಅವನ ಒಂದು ಗಂಟಲಿನಲ್ಲಿ ಇಡೀ ಊರಿನ ಗಂಟಲುಗಳಿವೆ, ಟ್ರಾಮಿನ ಕಂಡಕ್ಟರನಿಂದ ಹಿಡಿದು ಶಾಂತಮ್ಮನವರ ಮೂಗಿನವರೆಗೆ. ಡ್ರಾಯಿಂಗ್ ರೂಮು ಅಂದ್ರೆ ನೀರು ಸೇದುವ ಕೋಣೆಯಾ ಅತ್ತಿಗೆ. ನಗಲಿಲ್ಲ ಅವಳು. ಆರು ತಿಂಗಳಿಂದ ಅವಳು ಈ ಕೋಣೆಯ ವಿಷಯದಲ್ಲಿ ನಕ್ಕಿಲ್ಲ. ಹರೀ, ಹೋಗಿ ಆ ಮೂಟೆ ಸ್ವಲ್ಪ ಹಿಂದೆ ದೂಡು ಮಾರಾಯ, ಪಂಚೆ ಎತ್ತಿ ಕಟ್ಟು, ಅಂಗಿ ತೆಗೆದಿಡು, ಹಿಟ್ಟು ತಾಗ್ತದೆ.

ಖಾಲಿ ಮೂಲೆ ಕಣ್ಣಿಗೆ ವಿಶ್ರಾಂತಿ ಎಂದು ಬರೆದಿತ್ತು, ಊರಿನಿಂದ ಅಂಚೆಯಲ್ಲಿ ಬರುವ ಮಾಸಪತ್ರಿಕೆಯಲ್ಲಿ, ಮನೆಯ ಅಲಂಕಾರದ ಪುಟದಲ್ಲಿ, ಬರೆದವರ ಮನೆಯಲ್ಲಿ ಎಷ್ಟು ಮೂಲೆಗಳಿದ್ದವೋ — ಇಲ್ಲಿ ಹದಿನಾಲ್ಕು ವರ್ಷದಲ್ಲಿ ಖಾಲಿ ಮೂಲೆ ಎಂಬುದನ್ನು ಅವಳು ಕಂಡಿಲ್ಲ, ಒಂದರಲ್ಲಿ ಉದ್ದಿನಬೇಳೆ, ಒಂದರಲ್ಲಿ ಕೆಟ್ಟ ರುಬ್ಬುವ ಕಲ್ಲು, ಒಂದರಲ್ಲಿ ಸುರುಳಿ ಸುತ್ತಿದ ಹಾಸಿಗೆಗಳು, ನಾಲ್ಕನೆಯದರಲ್ಲಿ ಸದಾ ಊರಿನಿಂದ ಬಂದ ಯಾರೋ ಒಬ್ಬರು, ಕೆಲಸ ಸಿಗುವ ತನಕ ಎಂದು ಬಂದವರು, ಕೆಲಸ ಸಿಕ್ಕ ಮೇಲೂ ಅದೇ ಮೂಲೆ. ಮದುವೆಯಾಗಿ ಹೌರಾದಲ್ಲಿ ಇಳಿದು ಈ ಮನೆಯ ಬಾಗಿಲಿಗೆ ಬಂದಾಗ ಮುಂದಿನ ಕೋಣೆಯಲ್ಲಿ ಐದು ಜನ ಅಡುಗೆಯವರು ಸಾಲಾಗಿ ಮಲಗಿದ್ದರು, ರಾತ್ರಿ ಪಾಳಿ ಮುಗಿಸಿದವರು, ಹತ್ತೊಂಬತ್ತರ ಮದುಮಗಳು ಸೀರೆ ಎತ್ತಿಕೊಂಡು ಅವರ ಕಾಲುಗಳ ನಡುವೆ ದಾರಿ ಹುಡುಕಿ ಒಳಗೆ ಹೋದಳು, ಅದೇ ಗೃಹಪ್ರವೇಶ. ಮನೆ ಎಂದರೆ ಹೋಟೆಲಿನ ಬಾಲ, ಹೋಟೆಲಿನಲ್ಲಿ ಹಿಡಿಸದೆ ಹೋದದ್ದು ಇಲ್ಲಿಗೆ ಬರುತ್ತದೆ, ಕುಡಿಯುವ ಲೋಟದ ತಳದಲ್ಲಿಯೂ ಹೋಟೆಲಿನ ಹೆಸರು, ಮಗಳು ವನಮಾಲಾ ಅಕ್ಷರ ಕಲಿತದ್ದೇ ಆ ತಳ ನೋಡಿ. ಎದುರು ಮನೆಯ ಬೌದಿ, ಬಂಗಾಳಿಯಲ್ಲಿ ಅತ್ತಿಗೆ ಅಂದ ಹಾಗೆ, ಒಂದು ದಿನ ಕರೆದು ಕೂರಿಸಿದ್ದಳು, ಬೆತ್ತದ ಕುರ್ಚಿ, ಗಾಜಿನ ಕಪಾಟಿನೊಳಗೆ ಕೃಷ್ಣನಗರದ ಬೊಂಬೆಗಳು, ಮೂಲೆಯಲ್ಲಿ ಬಾಂಕುರಾದ ಎರಡು ಮಣ್ಣಿನ ಕುದುರೆ, ಅಲ್ಲಿ ಕೂತಾಗ ಯಾರೂ ಏನನ್ನೂ ಕೇಳಲಿಲ್ಲ, ಬೇಳೆ ನೆನೆಸಿಯಾಯ್ತಾ, ಕೊತ್ತಂಬರಿ ಬಂತಾ — ಸುಮ್ಮನೆ ಕೂರಲಿಕ್ಕೆಂದೇ ಒಂದು ಕೋಣೆ ಇರುತ್ತದೆ ಎಂದು ಅಂದು ಗೊತ್ತಾಯಿತು. ಈಗ ಅವಳಿಗೂ ಎರಡು ಕುದುರೆ ಇವೆ. ಈ ಕುದುರೆಗಳ ಕಿವಿ ಬೇರೆಯಾಗಿ ಮಾಡಿ ಸಿಕ್ಕಿಸುವಂಥದ್ದು, ಒರೆಸುವಾಗ ಒಂದರ ಎಡಗಿವಿ ಬಿದ್ದು ಎಲ್ಲಿ ಹೋಯಿತೋ, ಆ ಕುದುರೆಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದಾಳೆ, ಚಾಡಿ ಕೇಳಿ ಮುನಿಸಿಕೊಂಡ ಹಾಗಿದೆ ಅದು. ಹಳೆಯ ಧರ್ಮಾವರದ ಸೆರಗು ಕತ್ತರಿಸಿ ದಿಂಬಿನ ಗವಸು. ಸೋಫಾ ಬೌದಿಯ ಅಣ್ಣ ಮಾರಿದ್ದು. ಮುಂದಿನ ಟೀಪಾಯಿ — ಅದನ್ನು ಯೋಚಿಸಬಾರದು, ಅದು ಹೋಟೆಲಿನ ಹಳೆಯ ಅಮೃತಶಿಲೆ ಮೇಜು, ಬಡಗಿಯಿಂದ ಕಾಲು ಕೊಯ್ಯಿಸಿ ಗಿಡ್ಡ ಮಾಡಿಸಿದ್ದು, ಮೇಲೆ ಆರು ತಿಂಗಳು ಕೂತು ಹಾಕಿದ ನವಿಲಿನ ಕಸೂತಿ ಬಟ್ಟೆ ಹೊದಿಸಿದ ಮೇಲೆ ಅದರ ಹಿಂದಿನ ಜನ್ಮ ಯಾರಿಗೆ ಗೊತ್ತಾಗಬೇಕು. ಬಹುಮಾನ ಬರದಿದ್ದರೂ ಆದೀತು, ಒಂದು ಸ್ಟೀಲಿನ ತಟ್ಟೆ ತಾನೇ ಬಹುಮಾನ, ತಟ್ಟೆಗೆ ಈ ಮನೆಯಲ್ಲಿ ಬರವೇ, ಆದರೆ ಶಾಂತಮ್ಮನವರು ಒಂದು ಸಲ ಇಲ್ಲಿ ಕೂತು ಇದು ಮನೆ ಎಂದು ನೋಡಬೇಕು. ಕಳೆದ ವರ್ಷ ಸಂಘದ ಸಮಾರಂಭದಲ್ಲಿ, ಹೊಸ ಸೀರೆ, ಮಲ್ಲಿಗೆ, ಎರಡನೇ ಸಾಲಿನಲ್ಲಿ ಅಧಿಕಾರಿಗಳ ಹೆಂಡಂದಿರ ಪಕ್ಕದಲ್ಲೇ ಕೂತಿದ್ದಳು, ಯಾರೋ ಹಾಡುತ್ತಿದ್ದರು, ಮುಂದಿನ ಸಾಲಿನಿಂದ ಶಾಂತಮ್ಮನವರು ತಿರುಗಿ, ವಸಂತಿ, ಕಾಫಿ ಬಂತೇನ್ರೀ? ಕೇಳಿದ್ದು ಅವರು, ಅದು ಹೋಗಲಿ, ಅವರ ಯಜಮಾನರು ಸರ್ಕಾರಿ ಲೆಕ್ಕಾಧಿಕಾರಿ, ಕೇಳಿ ಅಭ್ಯಾಸ. ಆದರೆ ಎದ್ದದ್ದು ತಾನು. ಹಾಡಿನ ನಡುವೆ, ಹೊಸ ಸೀರೆಯಲ್ಲಿ, ಎದ್ದು ಹಿಂದೆ ಹೋಗಿ ಕಾಫಿ ಪಾತ್ರೆಯ ಮುಚ್ಚಳ ತೆಗೆದು ನೋಡಿ ಬಂದು, ಬಂದಿದೆ ಅಂತ ಹೇಳಿದ್ದು ತಾನೇ.

ಮೆಟ್ಟಿಲಿನಲ್ಲಿ ಚಪ್ಪಲಿ ಸದ್ದು, ಇವರು ಬಂದರು, ಗಂಡ ಮಧ್ವರಾಜ ಭಟ್ಟರು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಹಗಲು ಮೂರೂ ನಲವತ್ತಕ್ಕೆ ಮನೆಯಲ್ಲಿ. ಬೆಳಿಗ್ಗೆ ನಾಲ್ಕಕ್ಕೆ ಹೋದವರು ಬರುವಷ್ಟರಲ್ಲಿ ವನಮಾಲಾ ಮಲಗಿರುತ್ತಾಳೆ, ಊಟ, ಎರಡು ಮಾತು, ಗೋಡೆಯ ಕಡೆ ತಿರುಗಿ ನಿದ್ದೆ, ಇವರ ಬೆನ್ನಿನ ಮಚ್ಚೆಗಳೆಲ್ಲ ಅವಳಿಗೆ ಬಾಯಿಪಾಠ, ಮುಖ ಅಷ್ಟು ಪರಿಚಯವಿಲ್ಲ. ಹೆಗಲ ಮೇಲಿನ ಮೇಜು ಒರೆಸುವ ಬೈರಾಸು ಕೊಡಿ ಇಲ್ಲಿ ಎಂದು ಕಿತ್ತುಕೊಂಡಳು, ಇಸ್ತ್ರಿ ಮಾಡಿದ ಜುಬ್ಬ ಕೊಟ್ಟಳು, ಸೋಫಾದಲ್ಲಿ ಕೂರಿಸಿದಳು. ಎಂತ ಮಾಡ್ಬೇಕು ನಾನು ಎಂದು ಕೇಳಿದರು. ಎಂತದೂ ಮಾಡ್ಲಿಕ್ಕಿಲ್ಲ, ಕೂತ್ಕೊಳ್ಳಿ ಸಾಕು. ಬೈರಾಸಿಲ್ಲದ ಹೆಗಲನ್ನು ಎರಡು ಸಲ ಮುಟ್ಟಿ ನೋಡಿಕೊಂಡರು, ಮೊಣಕಾಲು ಜೋಡಿಸಿ ದಂತವೈದ್ಯರ ಬಾಗಿಲಲ್ಲಿ ಸರದಿಗೆ ಕಾದವರ ಹಾಗೆ ಕೂತರು. ಬೆಳಿಗ್ಗೆಯೇ ಹರಿದಾಸ ಹೇಳಿದ್ದ, ಅಣ್ಣಯ್ಯ ಕಾಲು ಗಂಟೆ ಮೆತ್ತೆ ಮೇಲೆ ಕೂತ್ರೆ ನಾನು ಮೀಸೆ ತೆಗೀತೇನೆ ಅತ್ತಿಗೆ, ಅವಳು ಹಟಕ್ಕೆ ಬಿದ್ದು, ಕೂರ್ತಾರೆ, ನೋಡು ಬೇಕಾದ್ರೆ, ಅವರೆಂತ ಮನುಷ್ಯರಲ್ವಾ ಎಂದಿದ್ದಳು. ಗಂಟೆ ಮೂರೂ ನಲವತ್ತೈದು, ಆಗಲೇ ಬಾಗಿಲು ತಟ್ಟಿದ ಸದ್ದು, ಶಾಂತಮ್ಮನವರ ಧ್ವನಿ, ಬೇಗ ಬಂದ್ಬಿಟ್ವೇನೋ, ಹರಿದಾಸ ಇನ್ನೂ ಪರದೆಯ ಹಿಂದೆ, ಮೈತುಂಬ ಅಕ್ಕಿ ಹಿಟ್ಟು, ಅಂಗಿಯಿಲ್ಲ, ಅಲ್ಲಿಂದ ಹೊರಗೆ ಬರಲು ಈ ಕೋಣೆಯಲ್ಲದೆ ಬೇರೆ ದಾರಿಯಿಲ್ಲ — ಅಲ್ಲೇ ಇರು, ಉಸಿರು ಬಿಟ್ರೆ ಜೋಕೆ ಎಂದು ಪರದೆಗೆ ಹೇಳಿ ಬಾಗಿಲು ತೆಗೆಯುವಾಗ ನೋಡಿದರೆ ಮೂಟೆಯೇನೋ ಹಿಂದೆ ಹೋಗಿದೆ, ಅದರ ಜಾಗದಲ್ಲಿ ನಿಜವಾದ ಹೆಬ್ಬೆರಳುಗಳು, ಬಿಳಿ ಹಿಟ್ಟು ಮೆತ್ತಿಕೊಂಡವು.

ಬನ್ನಿ ಬನ್ನಿ, ಕೂತ್ಕೊಳ್ಳಿ. ಪಾರ್ವತಿಬಾಯಿ ಧಾರವಾಡದವರು, ರೈಲ್ವೆ ಕ್ವಾರ್ಟರ್ಸಿನವರು, ಬಾಗಿಲಲ್ಲೇ ನಿಂತು ಕೋಣೆಯನ್ನೆಲ್ಲ ಒಮ್ಮೆ ಕಣ್ಣಿನಿಂದ ಗುಡಿಸಿ, ಅಯ್ಯ, ಭಾಳ ಛಂದ ಮಾಡೀರಿ ಬಿಡ್ರಿ ಎಂದರು, ಸೋಫಾದಲ್ಲಿ ಧೊಪ್ಪನೆ ಕೂತರು, ಇವರು ಆ ತುದಿಯಲ್ಲಿ ಒಂದು ಗೇಣು ಮೇಲೆದ್ದು ಇಳಿದರು. ಶಾಂತಮ್ಮನವರು ಕೂರಲಿಲ್ಲ, ಪೆನ್ಸಿಲು ತುಟಿಗೆ ತಾಗಿಸಿಕೊಂಡು ಗೋಡೆಯಿಂದ ಗೋಡೆಗೆ ನಡೆದರು, ಗಾಳಿ ಬೆಳಕು, ಬಣ್ಣ ಹೊಂದಾಣಿಕೆ, ಸ್ವಂತ ಕೈಕೆಲಸ, ಒಂದೊಂದಕ್ಕೂ ಹತ್ತು ಅಂಕವಂತೆ, ದಿಂಬು ಮುಟ್ಟಿದರು, ಪರವಾಗಿಲ್ವೇ ಅಂದರು, ಪರದೆಯ ಹತ್ತಿರ ಹೋದರು — ಹೆಬ್ಬೆರಳುಗಳು ಮೆಲ್ಲನೆ ಹಿಂದೆ ಸರಿದವು — ಬಟ್ಟೆಯ ಬಣ್ಣ ಚೆನ್ನಾಗಿದೆ, ಬಿಟ್ಟು ಬಂದರು. ಅಮ್ಮನ ಮಾತಿಗೆ ಕಾಯದೆ ವನಮಾಲಾ, ಆಂಟಿ, ಈ ನವಿಲು ಅಮ್ಮ ಮಾಡಿದ್ದು, ಖೂಬ್ ಶುಂದರ್ ಅಲ್ವಾ ಎಂದಳು, ಶಾಂತಮ್ಮನವರು ಬಗ್ಗಿ ನವಿಲಿನ ಕೊರಳು ನೋಡಿದರು, ಹೊಲಿಗೆ ಎಣಿಸುವ ಹಾಗೆ, ನಿಜವಾಗಿಯೂ ನೋಡಿದರು, ಪೆನ್ಸಿಲು ಹಾಳೆಯ ಕಡೆ ಇಳಿಯಿತು, ಈಗ ಬರೆಯುತ್ತಾರೆ, ಬರೆಯಲಿ ದೇವರೇ, ಏಳಾದರೂ ಬರೆಯಲಿ, ಎಂಟು — ಆಗ ತಲೆಯೆತ್ತಿ, ಹಾಂ ವಸಂತಿ, ಹೇಳೋದೇ ಮರೆತೆ, ಒಂದನೇ ತಾರೀಖಿಗೆ ಮುನ್ನೂರು ವಡೆ ಬೇಕಾಗತ್ತೆ, ಹೋದ ಸಲ ಚಟ್ನಿ ಸ್ವಲ್ಪ ನೀರಾಗಿತ್ತು ನೋಡಿ. ಆಯ್ತು ಎಂದಳು. ಬಾಯಿ ತಾನಾಗಿ ಹೇಳಿತು. ನವಿಲಿನ ಮೇಲೆ ಬಗ್ಗಿ ನಿಂತವರಿಗೂ ಕೊನೆಗೆ ಕಂಡದ್ದು ಚಟ್ನಿ, ಆರು ತಿಂಗಳ ನವಿಲು ಗರಿ ಬಿಚ್ಚಿ ನಿಂತರೂ ಅದರ ಕೆಳಗೆ ವಡೆಯ ವಾಸನೆ, ಪಕ್ಕದಲ್ಲಿ ಇವರು ಮಾತ್ರ ಇನ್ನೂ ಕೂತಿದ್ದಾರೆ, ಮೊಣಕಾಲು ಜೋಡಿಸಿ, ಹನ್ನೆರಡು ನಿಮಿಷ ಆಯಿತು, ಹದಿಮೂರು, ಪಾಪ, ಕೂತಿದ್ದಾರೆ, ಎದುರು ಮನೆಯ ಗಡಿಯಾರ ನಾಲ್ಕು ಹೊಡೆಯತೊಡಗಿತು.

ನಾಲ್ಕನೆಯ ಹೊಡೆತದ ಬೆನ್ನಿಗೇ ಪರದೆಯ ಹಿಂದಿನಿಂದ ಆ ಧ್ವನಿ, ಮುದಿ ಗಂಟಲು, ಎಲೆಯಡಿಕೆ ತುಂಬಿದ ಬಾಯಿ, ಕೊನೆಯಲ್ಲೊಂದು ಕೆಮ್ಮು, ಓ ದಾದಾ, ಆಜ್ ಕೀ ಆಛೇ? ಇವತ್ತು ಏನುಂಟು ಎಂದು ದಿನಾ ನಾಲ್ಕು ಗಂಟೆಗೆ ಹೋಟೆಲಿನ ಮೂರನೇ ಮೇಜಿಗೆ ಬಂದು ಕೇಳುವ ಪಿಂಚಣಿದಾರ ಬಾಬುವಿನ ಧ್ವನಿ, ಆ ಬಾಬುವನ್ನು ಅವಳು ಕಂಡೇ ಇಲ್ಲ, ಹರಿದಾಸನ ಬಾಯಲ್ಲಿ ಮಾತ್ರ ನೂರು ಸಲ ಕೇಳಿದ್ದಾಳೆ — ಹರೀ, ಬೇಡ, ಎನ್ನುವಷ್ಟರಲ್ಲಿ ಇವರು ಎದ್ದಾಗಿತ್ತು. ಬಲಗೈ ಎಡಹೆಗಲಿಗೆ ಹೋಯಿತು, ಬೈರಾಸು ಸಿಗಲಿಲ್ಲ, ಕೈ ಅಲ್ಲಿಂದ ಕೆಳಗಿಳಿದು ಸಿಕ್ಕಿದ್ದನ್ನು ಹಿಡಿಯಿತು, ನವಿಲನ್ನು ಕೊರಳಿನಲ್ಲಿ ಹಿಡಿದು ಎಳೆಯಿತು, ಅಮೃತಶಿಲೆ ಬೆತ್ತಲಾಯಿತು, ಸಾವಿರ ಲೋಟಗಳ ಉಂಗುರದ ಕಲೆ ಸಮೇತ, ಅದರ ಮೇಲೆ ಎರಡು ಸಲ ಅರ್ಧಚಂದ್ರದ ಹಾಗೆ ಒರೆಸಿ ಅಂಚಿನಲ್ಲಿ ಒಮ್ಮೆ ಕೊಡವಿ, ಶಾಂತಮ್ಮನವರ ನೆತ್ತಿಯ ಮೇಲಿನ ಗಾಳಿಯನ್ನು ನೋಡುತ್ತ, ಇಡ್ಲಿ, ಬಡಾ, ಉಪ್ಮಾ, ಸಾದಾ ದೋಸಾ, ಮಸಾಲಾ ದೋಸಾ, ಪೇಂಯಾಜ್ ಉತ್ತಪ್ಪಮ್, ಗರಮ್ ಆಛೇ, ಕೀ ದೇಬೋ? ಏನು ಕೊಡಲಿ ಎಂದು ಕೇಳಿ ನಿಂತರು, ತಲೆ ಸ್ವಲ್ಪ ಓರೆ ಮಾಡಿ, ಉತ್ತರಕ್ಕೆ. ಮುಗಿಯಿತು, ಎಂದುಕೊಂಡಳು, ಇಷ್ಟೇ, ಇನ್ನು ಮೂಟೆಗಳನ್ನು ಮುಂದೆ ತರಬಹುದು, ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ, ಇವರ ಮೊಣಕಾಲು ಇವರನ್ನು ಕೇಳದೆ ಎದ್ದದ್ದನ್ನು ಕಣ್ಣಾರೆ ನೋಡಿದಳಲ್ಲ, ಹೀಗೆಯೇ ಕಂಡಿರಬೇಕು ಅಂದು ಹಿಂದಿನ ಸಾಲಿನವರಿಗೆ, ಹೊಸ ಸೀರೆಯಲ್ಲಿ ತಾನು. ಪಾರ್ವತಿಬಾಯಿ ಸೋಫಾದಲ್ಲಿ ಒರಗಿಕೊಂಡು, ಹಂಗಾದ್ರ ನನಗ ಒಂದು ಮಸಾಲಿ ದ್ವಾಸಿ ಹೇಳ್ರಿ ಭಟ್ರ, ಪಲ್ಯಾ ಜರಾ ಜಾಸ್ತಿ ಇರ್ಲಿ ಎಂದರು, ಅಷ್ಟೇ ಗಂಭೀರವಾಗಿ. ಮೊದಲು ವನಮಾಲಾ ಕಿಸಕ್ಕೆಂದಳು, ಪರದೆಯ ಹಿಂದೆ ಯಾರೋ ಉಸಿರುಗಟ್ಟಿ ಮೂಟೆಯ ಮೇಲೆ ಬಿದ್ದ ಸದ್ದು, ಪಾರ್ವತಿಬಾಯಿಯವರ ಬಳೆಗಳು, ಶಾಂತಮ್ಮನವರು ಅಂಕದ ಹಾಳೆಯನ್ನು ಮುಖಕ್ಕೆ ಹಿಡಿದರು, ಹಾಳೆ ನಡುಗಿತು — ಇವರು ಕೈಯಲ್ಲಿದ್ದ ನವಿಲನ್ನು ನೋಡಿದರು, ಮೇಜನ್ನು ನೋಡಿದರು, ತಮ್ಮನ ಧ್ವನಿ ಬಂದ ಕಡೆ ನೋಡಿದರು, ಅವಳನ್ನು ನೋಡಿದರು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಂದು ಸದ್ದು, ಕೆಮ್ಮು ಅನ್ನಿಸಿತು, ಕೆಮ್ಮಲ್ಲ, ಹೊಟ್ಟೆಯಿಂದ ಎದ್ದು ಜುಬ್ಬವನ್ನು ಕುಲುಕಿಸುತ್ತ ಮೇಲೆ ಬಂತು, ತಲೆ ಹಿಂದಕ್ಕೆ ಹೋಯಿತು, ಬಾಯಿ ಸೂರಿಗೆ ತೆರೆಯಿತು, ಎಲ್ಲರ ನಗುವನ್ನೂ ನುಂಗಿ ಹಾಕಿ ಎದುರು ಮನೆಯ ಬೌದಿ ಕಿಟಕಿಗೆ ಬರುವಷ್ಟು ದೊಡ್ಡ ನಗು, ಮತ್ತು ಅಲ್ಲಿ, ಮೇಲಿನ ಸಾಲಿನಲ್ಲಿ, ಎಡಗಡೆ, ಕೊನೆಯದರ ಪಕ್ಕದ ಹಲ್ಲು, ಬೆಳ್ಳಿ ತುಂಬಿಸಿದ್ದು. ಇವರಿಗೆ ಬೆಳ್ಳಿ ತುಂಬಿಸಿದ ಹಲ್ಲುಂಟು. ಯಾವಾಗ ತುಂಬಿಸಿಕೊಂಡರು, ಮದುವೆಗೆ ಮೊದಲೋ ಆಮೇಲೋ, ಯಾರು ಜೊತೆಗೆ ಹೋಗಿದ್ದರು, ನೋವಿತ್ತೇ, ಆ ದಿನ ತಾನು ಗಂಜಿ ಮಾಡಿದ್ದಳೇ ಅಥವಾ ಚಕ್ಕುಲಿ ಬಡಿಸಿದ್ದಳೇ — ಶಾಂತಮ್ಮನವರು ಕಣ್ಣೊರೆಸಿಕೊಂಡು ಹಾಳೆಯಲ್ಲಿ ಏನೋ ಬರೆಯುತ್ತಿದ್ದಾರೆ, ನೋಡಬೇಕು, ಎರಡು ಹೆಜ್ಜೆ ಮುಂದೆ ಹೋದರೆ ಕಾಣುತ್ತದೆ, ಏಳೋ ಎಂಟೋ, ನೋಡಲೇಬೇಕು, ಇವರು ಉಸಿರೆಳೆದುಕೊಂಡು ಮತ್ತೆ ನಕ್ಕರು, ಮೊದಲಿಗಿಂತ ಜೋರಾಗಿ, ಕಸೂತಿ ಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತ, ಮತ್ತೆ ಕಂಡಿತು, ಹದಿನಾಲ್ಕು ವರ್ಷ, ಮೇಲಿನ ಸಾಲು, ಎಡಗಡೆ, ಕೊನೆಯದರ ಪಕ್ಕದ್ದು, ಬೆಳ್ಳಿ.