ಕೆಂಪು ರೇಷ್ಮೆ ಸುತ್ತಿದ ಬಾಣ

ಇಳಕಲ್ಲಿನ ಕಾಶಪ್ಪನಿಗೆ ಇದ್ದ ಹುಚ್ಚು ಒಂದೇ, ಬಿಲ್ಲಿನದು. ಹಗಲೆಲ್ಲ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವವ, ಸಂಜೆ ಲಾಳಿ ಕೆಳಗಿಟ್ಟನೋ ಇಲ್ಲವೋ ಊರ ಹೊರಗಿನ ಕಲ್ಲಿನ ಗಣಿಯತ್ತ ಓಡುತ್ತಿದ್ದ. ಕಲಿಸಿದವರು ಹುನಗುಂದದ ಆಟದ ಮಾಸ್ತರ ಹುಸೇನಪೀರ. ಹೆಂಡತಿ ಗುರುಸಿದ್ದವ್ವ ಮೊದಮೊದಲು ಗೊಣಗಿದಳು. ಆಮೇಲೆ, ಕುಡಿಯಲು ಹೋಗುವ ಗಂಡಂದಿರಿಗಿಂತ ಈತ ವಾಸಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅವನ ಅಲ್ಯುಮಿನಿಯಂ ಬಾಣಗಳು ಕಲ್ಲಿಗೆ ಬಡಿದಾಗಲೆಲ್ಲ ಸೊಟ್ಟಗಾಗುತ್ತಿದ್ದವು. ಕಟ್ಟೆಯ ಮೇಲೆ ಉರುಳಿಸಿ, ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿ ನೆಟ್ಟಗೆ ಮಾಡುವುದರಲ್ಲೇ ಅವನ ಭಾನುವಾರ ಕಳೆಯುತ್ತಿತ್ತು. ಎಂಬತ್ತೆಂಟರಲ್ಲಿ ಪುಣೆಯ ಮಿಲಿಟರಿಯಲ್ಲಿದ್ದ ಅವನ ತಮ್ಮ, ಕರಿಯ ಕಾರ್ಬನ್ ಬಾಣಗಳ ಕಟ್ಟೊಂದನ್ನು ತಂದುಕೊಟ್ಟ. ಖುಷಿಗೆ ಕಾಶಪ್ಪನಿಗೆ ನೆಲ ಕಾಣಲಿಲ್ಲ.

"ಇವು ಬಾಗೂದ ಇಲ್ಲ ನೋಡು. ಸಾಯೂತನಾ ನೆಟ್ಟಗ ಇರ್ತಾವು."

"ನಿಮ್ಮವ್ವನ ಹಂಗ ಅನ್ರಿ," ಎಂದಳು ಗುರುಸಿದ್ದವ್ವ.

ಬಾಗಲಕೋಟೆಯಲ್ಲಿ ರಾಜ್ಯ ತಂಡಕ್ಕೆ ಆರಿಸುವ ಪಂದ್ಯ ಹತ್ತಿರ ಬಂತು. ಅದರ ಹಿಂದಿನ ವಾರ ಒಂದು ಕರಿಯ ಬಾಣ ಬಂಡೆಗೆ ಬಡಿದು, ಎಗರಿ, ಕಲ್ಲುಗಳ ಸಂದಿಯಲ್ಲಿ ಬಿತ್ತು. ಕಾಶಪ್ಪ ಎತ್ತಿಕೊಂಡು ಕಣ್ಣಿಗೆ ಹಿಡಿದು ನೋಡಿದ, ಕೂದಲೆಳೆಯಷ್ಟೂ ಸೊಟ್ಟವಿರಲಿಲ್ಲ. ಬಾಗಿದ್ದರೆ ಕೆಟ್ಟದ್ದು, ನೆಟ್ಟಗಿದ್ದರೆ ಒಳ್ಳೆಯದು. ಅಲ್ಯುಮಿನಿಯಂ ಅವನಿಗೆ ಕಲಿಸಿದ್ದು ಇಷ್ಟೇ. ಅದನ್ನೂ ಉಳಿದವುಗಳ ಜೊತೆ ಕಟ್ಟಿಗೆ ಸೇರಿಸಿದ.

ಯಾರ ಬಾಣ ಯಾವುದೆಂದು ಗೊತ್ತಾಗಲು ಎಲ್ಲರೂ ತಮ್ಮದಕ್ಕೆ ಗುರುತು ಹಾಕುತ್ತಾರೆ. ಗುರುಸಿದ್ದವ್ವ ಸೆರಗಿಗೆ ಹಾಕುವ ಕೆಂಪು ರೇಷ್ಮೆಯನ್ನೇ ತಂದು, ಪ್ರತಿಯೊಂದು ಬಾಣದ ಬಾಲದ ಹತ್ತಿರ ಒಪ್ಪವಾಗಿ ಸುತ್ತಿದಳು. ಒಂದರಲ್ಲಿ ಮಾತ್ರ ಎಳೆ ಎಲ್ಲಿಯೋ ಸಿಕ್ಕಿಕೊಂಡಿತು. ಎಳೆ ಸಿಕ್ಕಿದರೆ ನೇಕಾರರ ಮನೆಯವರು ಬೈಯುವುದು ಎಳೆಯನ್ನೇ. ರೇಷ್ಮೆ ಒರಟಾಗಿದೆ ಎಂದುಕೊಂಡು ಬೆರಳಿಗೆ ಎಂಜಲು ಹಚ್ಚಿ ಹೊಸೆದಳು, ಆ ಜಾಗದ ಮೇಲೆ ಇನ್ನಷ್ಟು ಸುತ್ತು ಬಿಗಿದಳು. ನೋಡಲು ಚೆಂದವೇ ಆಯಿತು.

ಬಾಗಲಕೋಟೆಯ ಮೈದಾನದಲ್ಲಿ, ನೋಡುವವರನ್ನು ತಡೆಯಲು ಕಟ್ಟಿದ ಹಗ್ಗದ ಈಚೆ ಹೆಂಗಸೆಂದರೆ ಅವಳೊಬ್ಬಳೇ. ಪಕ್ಕದಲ್ಲಿ ಹುಸೇನಪೀರ ಮಾಸ್ತರು. ಕಾಶಪ್ಪ ಅಂದು ಕೈಯಿಟ್ಟದ್ದೆಲ್ಲ ಚಿನ್ನ. ಒಂದೇ ಸುತ್ತು ಉಳಿದಿತ್ತು. ಗುರುಸಿದ್ದವ್ವ ಹೆಮ್ಮೆಯಿಂದ ಉಬ್ಬಿ, ಮಾಸ್ತರರನ್ನು ಮಾತಿಗೆಳೆದಳು.

"ಕರಿ ಬಾಣನ ಚಲೋ ಅಲ್ರಿ? ಬಾಗೂದಿಲ್ಲಂತ."

"ಚಲೋನ ತಂಗಿ. ಆದ್ರ ಅಲ್ಯುಮಿನಿಯಂ ಕೆಟ್ರ ಬಾಗಿ ಹೇಳ್ತೈತಿ. ಇದು ಹೇಳೂದಿಲ್ಲ. ಒಳಗ ಸೀಳಿದ್ರೂ ನೆಟ್ಟಗ ಇರ್ತೈತಿ, ಬಿಟ್ಟ ಕೂಡ್ಲೆ ಸಿಡದು ಎಡಗೈಯಾಗ ಸೂಜಿ ಹಂಗ ಇಳೀತೈತಿ. ಅದಕ್ಕ ಹತ್ತಿ ಸವರಿ ನೋಡ್ಬೇಕು. ಸಿಕ್ಕೊಂತಂದ್ರ ಸೀಳು ಅಂತನ ತಿಳೀಬೇಕು."

ಎಳೆ ಸಿಕ್ಕಿಕೊಂಡದ್ದು ನೆನಪಾಗಿ ಗುರುಸಿದ್ದವ್ವ ಮೈದಾನದತ್ತ ತಿರುಗಿದಳು. ಅಲ್ಲಿ ಗಂಡ ಕೈಗೆತ್ತಿಕೊಂಡಿದ್ದ ಬಾಣದ ಕೆಂಪು ಪಟ್ಟಿ ಉಳಿದವಕ್ಕಿಂತ ದಪ್ಪಗಿತ್ತು. ಬಿಲ್ಲು ಹಿಡಿದ ಆ ಎಡಗೈ, ನೇಯ್ದ ಎಳೆ ಬಿಗಿಯಲು ಮಗ್ಗದ ಹಲಗೆ ಎಳೆಯುವ ಕೈ, ಮನೆಯ ಅನ್ನದ ಕೈ.

"ರೀ," ಎಂದಳು. ಯಾರ್ಯಾರೋ ತಿರುಗಿ ನೋಡಿದರು, ಅವನೊಬ್ಬನೇ ನೋಡಲಿಲ್ಲ. ಬಿಲ್ಲಿನ ದಾರ ಗಲ್ಲದವರೆಗೆ ಬಂದಿತ್ತು. ಮದುವೆಯಾದಂದಿನಿಂದ, ಪ್ರಾಸದಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳುವಾಗಿನ ಹೊರತು, ನಾಲಿಗೆಗೆ ತಾರದ ಹೆಸರನ್ನು ಅವಳು ಆ ಗಂಡಸರ ನಡುವೆ ಗಂಟಲು ಹರಿಯುವಂತೆ ಒದರಿದಳು.

"ಕಾಶಪ್ಪಾ! ಬಿಡಬ್ಯಾಡ!"

ಕಾಶಪ್ಪ ಬೆಚ್ಚಿದ. ದಾರ ಮೆಲ್ಲಗೆ ಸಡಿಲಿಸಿ ತಿರುಗಿದ; ಮುಖ ಕೆಂಡವಾಗಿತ್ತು. ಮಾಸ್ತರು ಹಗ್ಗ ದಾಟಿ ಹೋಗಿ ಬಾಣ ತೆಗೆದುಕೊಂಡು ತುಸುವೇ ಬಗ್ಗಿಸಿದರು. ಕರಕರ ಎಂದಿತು. ರೇಷ್ಮೆ ಬಿಚ್ಚಿದರೆ ಉದ್ದಕ್ಕೂ ಸೀಳು, ಕರಿಯ ಸಿಬಿರುಗಳು ಎದ್ದು ನಿಂತಿದ್ದವು. ಅಷ್ಟರಲ್ಲಿ ಸೀಟಿ ಊದಿದರು, ಆ ಸುತ್ತಿನ ಹೊತ್ತು ಮುಗಿಯಿತು. ತಂಡದಲ್ಲಿ ಕಾಶಪ್ಪನ ಹೆಸರು ಬರಲಿಲ್ಲ.

ಬಸ್ಸಿನಲ್ಲಿ ಅವನು ಕಿಟಕಿಯತ್ತ ಮುಖ ತಿರುಗಿಸಿ ಕೂತ. ಅವನ ಬಹುದಿನದ ಆಸೆಗೆ ತಾನೇ ಅಡ್ಡ ಬಂದೆನೆಂಬ ಸಂಕಟ ಅವಳಿಗಿತ್ತು, ಎಳೆ ಸಿಕ್ಕಿಕೊಂಡಾಗಲೇ ಹೇಳಬೇಕಿತ್ತೆಂಬ ಸಂಕಟ ಇನ್ನೂ ಹೆಚ್ಚು. ಮರುದಿನ ಕಾಶಪ್ಪ ಮಗ್ಗಕ್ಕೆ ಇಳಿಯುವ ಮೊದಲು ಉಳಿದ ಬಾಣಗಳನ್ನು ತಂದು ಅವಳ ಮುಂದಿಟ್ಟ.

"ಎಲ್ಲಾದಕ್ಕೂ ಎಳಿ ಸವರಿ ನೋಡು. ನೀ ನೋಡದ ಹೊರ್ತು ಇನ್ನ ಮ್ಯಾಲ ನಾ ಮುಟ್ಟೂದಿಲ್ಲ."

ಅವಳು ಒಂದೊಂದಕ್ಕೂ ರೇಷ್ಮೆ ಸವರಿದಳು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಕೊನೆಗೆ ಗಂಡನ ಎಡಗೈ ಎಳೆದುಕೊಂಡು ಅಂಗೈ ಮೇಲೂ ಆ ಎಳೆಯನ್ನೇ ಹಾಯಿಸಿದಳು. ಹಲಗೆ ಹಿಡಿದು ಗಡುಸಾದ ಜಾಗದಲ್ಲಿ ಅದು ಸಿಕ್ಕಿ ನಿಂತಿತು.

"ಅದು ಸೀಳಲ್ಲ, ಮಗ್ಗದ್ದು," ಎಂದ ಕಾಶಪ್ಪ.

"ಗೊತ್ತೈತ್ರಿ. ಅದಕ್ಕ ಒದರಿದ್ದು ನಾ."

ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಇನ್ನೊಮ್ಮೆ ಹೆಸರ ಹಿಡದು ಕರಿ ನೋಡೋಣ," ಎಂದ.

"ಇನ್ನೊಂದು ಬಾಣ ಒಡೀಲಿ, ಆವಾಗ ಕರೀತೇನಿ," ಎಂದು ಗುರುಸಿದ್ದವ್ವ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು.