ಇಳಾಳ ಎಡಗೈ

ಭದ್ರಾವತಿ ಬಸ್ಸಿಗೆ ಇನ್ನು ಹದಿನೈದೇ ನಿಮಿಷವಿತ್ತು. ಆಫೀಸಿಗೆ ಹೊರಟ ಶ್ರೀಗೌರಿ ಘಳಿಗೆಗೊಮ್ಮೆ ವಾಚು ನೋಡಿಕೊಳ್ಳುತ್ತಾ ಚಡಪಡಿಸುತ್ತಿದ್ದಳು. ಹತ್ತು ತಿಂಗಳ ಮಗಳು ಇಳಾ ತಾನೇ ತಿನ್ನಲೆಂದು ಅವಳ ಮುಂದೆ ತಟ್ಟೆಯಲ್ಲಿ ಇಡ್ಲಿ ಮುರಿದಿಟ್ಟಿದ್ದಳು. ಆದರೆ ಮಗು ಎಡಗೈಯಲ್ಲಿ ಚೂರು ಎತ್ತಿಕೊಂಡಾಗಲೆಲ್ಲ ಅತ್ತೆ ಸುಬ್ಬಲಕ್ಷ್ಮಿ ಅದನ್ನು ಕಿತ್ತು ಬಲಗೈಗೆ ತುರುಕುತ್ತಿದ್ದರು. ಮಗು ಅದನ್ನು ಎಸೆದು ರಚ್ಚೆ ಹಿಡಿಯುತ್ತಿತ್ತು. ನಾಲ್ಕು ದಿನದಿಂದ ಇದೇ ಗೋಳು.

"ಅವಳ ಪಾಡಿಗೆ ಬಿಡಿ ಅತ್ತೆ! ಯಾವ ಕೈಯಾದ್ರೇನು, ತಾನಾಗಿ ತಿಂದ್ರೆ ಸಾಕು," ಶ್ರೀಗೌರಿ ರೇಗಿದಳು.

"ನಿನ್ನಿಷ್ಟ ಮಾರಾಯ್ತಿ," ಎಂದು ಅತ್ತೆ ಮುಖ ಊದಿಸಿಕೊಂಡು ಒಳಗೆ ಹೋದರು.

ಇಳಾ ಅಳು ನಿಲ್ಲಿಸಿ, ಎಡಗೈಯಲ್ಲಿ ಚೂರು ಹಿಡಿದು ಮೆಲ್ಲಗೆ ಬಾಯಿಯ ಹತ್ತಿರ ತಂದಳು. ಇನ್ನೇನು ತುಟಿಗೆ ತಾಕಬೇಕು, ಅಷ್ಟರಲ್ಲಿ ಒಂದು ಕೈ ಆ ಪುಟ್ಟ ಮುಷ್ಟಿಯನ್ನು ಗಪ್ಪನೆ ಹಿಡಿಯಿತು.

ಶ್ರೀಗೌರಿ ನೋಡಿದಳು. ವಾಚು ಕಟ್ಟಿದ, ತನ್ನದೇ ಕೈ.