ಕಾಸುಹೋಗಲ್ಲ ರಜಾ

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುತ್ತಿದ್ದ ದಿನಗಳು. ನೆಲಮಂಗಲದ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ಪಿಳ್ಳಪ್ಪ ಜವಾನನಾಗಿದ್ದ. ಹನ್ನೊಂದು ವರ್ಷದ ಚಾಕರಿ. ಬೆಳಿಗ್ಗೆ ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಮಡಕೆಗೆ ನೀರು ತುಂಬುವುದು, ಕಾಗದದ ಕಟ್ಟುಗಳನ್ನು ಈ ಮೇಜಿನಿಂದ ಆ ಮೇಜಿಗೆ ಹೊರುವುದು. ಹೊತ್ತ ಕಾಗದದಲ್ಲಿ ಏನಿದೆಯೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಓದು ಬಾರದು.

ರಜಾ ಎಂಬುದು ತನಗೂ ಉಂಟೆಂದು ಅವನಿಗೆ ಗೊತ್ತಾದದ್ದೇ ಆ ವರ್ಷದ ಸಂಕ್ರಾಂತಿ ಹೊತ್ತಿಗೆ. ಹೇಳಿದವನು ಕಿರಿಯ ಗುಮಾಸ್ತ ಚಿನ್ನಸ್ವಾಮಿ.

"ವರ್ಷಕ್ಕೆ ಹದಿನೈದು ದಿನ ಕ್ಯಾಷುಯಲ್ ರಜಾ ಅಂತ ಇರ್ತದೆ ಕಣಯ್ಯ, ಜವಾನ್ರಿಗೂ. ಏನಾದ್ರೂ ತುರ್ತು ಬಂದಾಗ ಒಂದು ದಿನ, ಎರಡು ದಿನ ಕೇಳಿ ತಗೋಬಹುದು. ಸಂಬಳ ಹಿಡಿಯಲ್ಲ."

"ಏನಂದ್ರಿ ಸ್ವಾಮಿ? ಕಾಸುಹೋಗಲ್ಲ ರಜಾನಾ?"

ಚಿನ್ನಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಿಯಾಗೇ ಹೇಳ್ದೆ ಬಿಡು! ಕಾಸು ಹೋಗಲ್ಲ. ಆದ್ರೆ ಮೊದ್ಲೇ ಅರ್ಜಿ ಕೊಡ್ಬೇಕು. ಮೇಲಿನೋರು ಕೊಟ್ರೆ ಉಂಟು, ಕೊಡದಿದ್ರೆ ಇಲ್ಲ. ಡಿಸೆಂಬರ್ ಮುಗಿಯೋದ್ರೊಳಗೆ ತಗೊಳ್ದೆ ಹೋದ್ರೆ ಮಿಕ್ಕಿದ್ದು ಬಿದ್ದೋಗ್ತದೆ. ಮುಂದಿನ ವರ್ಷಕ್ಕೆ ಗಂಟು ಕಟ್ಟಿಟ್ಕೊಳ್ಳಾಕಾಗಲ್ಲ."

ಮುಂದಿನ ವರ್ಷದ ಮಾತು ಪಿಳ್ಳಪ್ಪನಿಗೆ ಬೇಕಿರಲಿಲ್ಲ. ಆ ವರ್ಷದ ಕೊನೆಗೆ ಮೂರು ದಿನ ಸಿಕ್ಕಿದರೆ ಸಾಕಿತ್ತು.

ಅವನ ಹುಟ್ಟೂರು ಸೂಲಿಬೆಲೆಯ ಪಕ್ಕದ ಹಳ್ಳಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿದ್ದರೂ ಅಣ್ಣ ರಾಮಾಂಜಿನಪ್ಪ ಪಾಲು ಮಾಡಿರಲಿಲ್ಲ; ಈ ಸಲ ರಾಗಿ ಕೊಯ್ಲು ಮುಗಿದ ಮೇಲೆ ಮಾಡುವುದೆಂದು ಮಾತಾಗಿತ್ತು. ಇದ್ದದ್ದು ಕೆರೆಯ ಕೆಳಗೆ ಅರ್ಧ ಎಕರೆ ಗದ್ದೆ, ದಿಬ್ಬದ ಮೇಲೆ ಎರಡು ಎಕರೆ ಕಲ್ಲುಹೊಲ. ಅವರ ಊರಿನ ಕಟ್ಟಳೆ ಹೀಗೆ: ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಎತ್ತಿಕೊಳ್ಳಬೇಕು. ಪಂಚರ ಎದುರಿಗೆ ತಾನೇ ನಿಂತು ತನ್ನ ಬಾಯಿಂದ ಹೇಳಬೇಕು. ಪಿಳ್ಳಪ್ಪ ಚಿಕ್ಕವನು.

ಯಾವುದನ್ನು ಎತ್ತಿಕೊಳ್ಳಬೇಕೆಂದು ಗಂಡಹೆಂಡಿರು ಎಂದೋ ತೀರ್ಮಾನಿಸಿದ್ದರು. ಮಕ್ಕಳಿಲ್ಲದ ಮನೆ. ಹೆಂಡತಿ ಮುನಿತಾಯಮ್ಮ ಸೊಪ್ಪು ಸೋಸುತ್ತ, "ಗದ್ದೆ ಬದಿಗೆ ನಾಕು ತೆಂಗಿನ ಸಸಿ ಇಡ್ಬೇಕು, ಒಂದು ನುಗ್ಗೆಮರ" ಎನ್ನುವಳು. ಮಾರನೆಯ ದಿನ ನುಗ್ಗೆ ಬೇಡ, ಕರಿಬೇವು ಎನ್ನುವಳು. ಆ ಗದ್ದೆಯ ಬದುವಿನಲ್ಲಿ ಅವಳು ಬಾಯಲ್ಲೇ ಎಷ್ಟು ಗಿಡ ನೆಟ್ಟು ಎಷ್ಟು ಕಿತ್ತಳೋ.

ಹಾಗಾಗಿ ಪಿಳ್ಳಪ್ಪ ತನ್ನ ಹದಿನೈದು ದಿನವನ್ನು ಮುಟ್ಟಲಿಲ್ಲ. ಯುಗಾದಿಗೆ ಊರಿಗೆ ಹೋಗಲಿಲ್ಲ. ಶ್ರಾವಣದಲ್ಲಿ ಹೆಂಡತಿ ಚಳಿಜ್ವರದಲ್ಲಿ ನಡುಗುತ್ತ ಮಲಗಿದ್ದಾಗಲೂ ಗಂಜಿ ಕಾಯಿಸಿ ತಲೆದೆಸೆಗಿಟ್ಟು ಕಚೇರಿಗೆ ಬಂದ.

ರಾಗಿ ಕೊಯ್ಲು ಮುಗಿದ ಮೇಲೆ ಅಣ್ಣನ ಕಾರ್ಡು ಬಂತು. ಚಿನ್ನಸ್ವಾಮಿಯೇ ಓದಿ ಹೇಳಿದ: "ಬರುವ ಬುಧವಾರ ಪಾಲು. ಇನ್ನು ನಿನಗಾಗಿ ಕಾಯುವುದಿಲ್ಲ. ನೀನು ಬಾರದಿದ್ದರೆ ನಾನೇ ಮೊದಲು ಎತ್ತಿಕೊಳ್ಳುತ್ತೇನೆ."

"ಮೂರು ದಿನ ಬರ್ಕೊಡಿ ಸ್ವಾಮಿ" ಎಂದ ಪಿಳ್ಳಪ್ಪ ಹಲ್ಲು ಬಿಡುತ್ತ. "ಹೋಗಾಕೊಂದಿನ, ಪಾಲಿಗೊಂದಿನ, ಬರಾಕೊಂದಿನ. ಮಿಕ್ಕ ಹನ್ನೆರಡು ಬಿದ್ದೋದ್ರೆ ಹೋಗ್ಲಿ, ಸರ್ಕಾರಕ್ಕೇ ಬಿಟ್ಟೆ!"

ಚಿನ್ನಸ್ವಾಮಿ ನಗಲಿಲ್ಲ. ಕಾರ್ಡನ್ನು ಮಡಿಸಿ ಅವನ ಕೈಗಿಟ್ಟು, "ಹೆಡ್ ಗುಮಾಸ್ತ್ರನ್ನ ಕೇಳಪ್ಪ" ಎಂದು ತಲೆ ತಗ್ಗಿಸಿ ಬರೆಯತೊಡಗಿದ.

ಹೆಡ್ ಗುಮಾಸ್ತ ಆದಿನಾರಾಯಣಪ್ಪನವರು ನಶ್ಯ ಏರಿಸಿ, ಮೂಗು ಒರೆಸಿಕೊಂಡು, ರಜಾ ಪುಸ್ತಕ ಬಿಡಿಸಿದರು.

"ನಿಂಗೆಲ್ಲಿದೆಯೋ ರಜಾ? ಹದಿನೈದೂ ಮುಗ್ಸಿದ್ದೀಯಲ್ಲ!"

"ನಾನು ಒಂದು ದಿನಾನೂ ತಗೊಂಡಿಲ್ವಲ್ಲ ಬುದ್ಧಿ."

"ತಗೊಂಡಿಲ್ಲ ಅಂದ್ರೆ? ಇದು ಯಾರಪ್ಪನ ಹೆಬ್ಬೆಟ್ಟು?" ಅವರು ಪುಸ್ತಕವನ್ನು ತಿರುಗಿಸಿ ಹಿಡಿದರು. "ಮೇ ತಿಂಗಳಲ್ಲಿ ಏಳು ದಿನ. ಜೂನಲ್ಲಿ ನಾಲ್ಕು. ಅಕ್ಟೋಬರಲ್ಲಿ ನಾಲ್ಕು. ಕೂಡಿಸ್ಕೋ."

ಪಿಳ್ಳಪ್ಪನಿಗೆ ಕೂಡಿಸಲು ಬರುತ್ತಿರಲಿಲ್ಲ, ನೆನಪಿಡಲು ಬರುತ್ತಿತ್ತು. ಮೇ ತಿಂಗಳಲ್ಲಿ ಆದಿನಾರಾಯಣಪ್ಪನವರ ಮಗಳ ಮದುವೆ. ಚಪ್ಪರಕ್ಕೆ ಸೊಪ್ಪು ತಂದವನು, ಹಂಡೆಗೆ ನೀರು ಹೊತ್ತವನು, ಬೀಗರ ಎಂಜಲೆಲೆ ಎತ್ತಿದವನು ಇವನೇ. ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಅವರ ಮನೆಯ ಹೆಂಚು ಕೈಯಾಡಿಸಿದ್ದ. ಅಕ್ಟೋಬರಿನಲ್ಲಿ ಅವರ ಹಸು ಕರು ಹಾಕಿದಾಗ ಕೊಟ್ಟಿಗೆಯಲ್ಲೇ ಇದ್ದ. ಪ್ರತಿಸಲವೂ ಹೊರಡುವ ಮುಂಚೆ, "ಇಲ್ಲೊಂದು ಹೆಬ್ಬೆಟ್ಟು ಒತ್ತೋ, ಡ್ಯೂಟಿ ಮೇಲೆ ಹೋಗ್ತಿದ್ದೀಯ" ಎಂದು ಈ ಪುಸ್ತಕವನ್ನೇ ಚಾಚುತ್ತಿದ್ದರು. ಡ್ಯೂಟಿ ಎಂಬ ಮಾತು ಕೇಳಿ ಇವನು ಹೆಮ್ಮೆಯಿಂದ ಬೆರಳಿಗೆ ಮಸಿ ಹಚ್ಚಿಕೊಂಡಿದ್ದ.

"ಅದು ನಿಮ್ಮನೆ ಕೆಲ್ಸ ಅಲ್ವಾ ಬುದ್ಧಿ!"

ದನಿ ಜೋರಾಯಿತೇನೋ. ಒಳಗಿನಿಂದ ಸಾಹೇಬರು ಬಂದರು. ಪುಸ್ತಕ ನೋಡಿದರು.

"ಇದು ನಿನ್ನ ಹೆಬ್ಬೆಟ್ಟೇನಯ್ಯ?"

"ನಂದೇ ಬುದ್ಧಿ. ಆದ್ರೆ..."

"ಕಾರಣ ಏನು ಬರೆದಿದ್ದೀರಿ?"

ಚಿನ್ನಸ್ವಾಮಿ ಎದ್ದು ನಿಂತು ಸಣ್ಣ ದನಿಯಲ್ಲಿ ಓದಿದ. ಆ ಅಕ್ಷರ ಅವನದೇ. "ಮೇ ತಿಂಗಳದು... ಮಗಳ ಮದುವೆ ಪ್ರಯುಕ್ತ."

"ನಂಗೆ ಮಕ್ಕಳೇ ಇಲ್ಲ ಬುದ್ಧಿ!"

ಆದಿನಾರಾಯಣಪ್ಪನವರು ಒಂದಿಷ್ಟೂ ಅಳುಕಲಿಲ್ಲ. "ಯಾರ ಮಗಳು ಅಂತ ಬರ್ದಿಲ್ವಲ್ಲ."

ಸಾಹೇಬರ ಮೀಸೆಯಂಚಿನಲ್ಲಿ ನಗು ಬಂದಂತಾಗಿ ಹೋಯಿತು. ಆ ಮದುವೆಯಲ್ಲಿ ಅವರೂ ಊಟ ಮಾಡಿದ್ದರು. "ರಜಾ ಅನ್ನೋದು ಹಕ್ಕಲ್ಲಯ್ಯ" ಎಂದರು. "ಉಳಿದಿದ್ದರೆ ಕೊಡಬಹುದಿತ್ತು. ರಜಾ ಇಲ್ಲದೆ ಹೋದೆಯೋ, ನಿನ್ನ ಜಾಗಕ್ಕೆ ಬೇರೆ ಜನ ಇದ್ದಾರೆ."

ಇದ್ದರು. ಆದಿನಾರಾಯಣಪ್ಪನವರ ಹೆಂಡತಿಯ ತವರಿನ ಕಡೆಯ ಒಬ್ಬ ಕೆಲಸ ಕೇಳಿಕೊಂಡು ಬಂದು ಆರು ತಿಂಗಳಿಂದ ಕಚೇರಿಯ ಜಗಲಿ ಬಿಟ್ಟು ಎದ್ದಿರಲಿಲ್ಲ. ಪಿಳ್ಳಪ್ಪ ಕಾಗದದ ಕಟ್ಟು ಎತ್ತಿಕೊಂಡ.

ಮಂಗಳವಾರ ಮುನಿತಾಯಮ್ಮ ಒಬ್ಬಳೇ ಹೊರಟಳು. "ನೀನಿಲ್ದಿದ್ರೆ ಏನಾಯ್ತು, ಗದ್ದೆ ಅನ್ನೋಕೆ ನಂಗೂ ಬಾಯಿದೆ" ಎಂದು ಸೆರಗಿನ ತುದಿಗೆ ಬಸ್ಸಿನ ಕಾಸು ಕಟ್ಟಿಕೊಂಡಳು. ಬುಧವಾರವಿಡೀ ಪಿಳ್ಳಪ್ಪ ಕಾಗದ ಹೊತ್ತ. ಒಂದು ಮೇಜಿಗೆ ಹೋಗಬೇಕಾದದ್ದನ್ನು ಇನ್ನೊಂದರ ಮೇಲಿಟ್ಟು ಎರಡು ಸಲ ಬೈಸಿಕೊಂಡ.

ಗುರುವಾರ ಸಂಜೆ ಅವಳು ಬಂದಾಗ ಮುಖದ ತುಂಬ ಇದ್ದಿಲ ಮಸಿ. ಕಾಲು ತೊಳೆಯದೆ ಹೊಸ್ತಿಲಲ್ಲೇ ಕುಳಿತಳು.

"ಏನಂದ್ರು?"

"ಏನಂತಾರೆ? ಹೆಂಗ್ಸು ಎತ್ತೋ ಪಾಲಾ ಇದು, ಗಂಡ ಎಲ್ಲಿ ಅಂದ್ರು. ರಜಾ ಕೊಡ್ಲಿಲ್ಲ ಅಂದೆ. ಒಡಹುಟ್ಟಿದೋನ ಪಾಲಿಗೆ ರಜಾ ಕೊಡದಿರೋ ಸರ್ಕಾರ ಎಲ್ಲಾದ್ರೂ ಉಂಟಾ, ಅವನಿಗೇ ಬೇಕಿಲ್ಲ ಅಂತ ನಕ್ರು. ನಾನು ಕೂಗಿ ಕೂಗಿ ಗದ್ದೆ ಅಂದೆ. ಕಿವಿಗೇ ಹಾಕ್ಕೊಳ್ಲಿಲ್ಲ. ನಿಮ್ಮಣ್ಣ ಮೆಲ್ಲಗೆ ಗದ್ದೆ ಅಂದ. ಅದು ಎಲ್ರಿಗೂ ಕೇಳಿಸ್ತು."

ಪಿಳ್ಳಪ್ಪ ನೀರು ಕೊಟ್ಟ. ಅವಳು ಚೊಂಬನ್ನು ಪಕ್ಕಕ್ಕಿಟ್ಟಳು.

"ಹೋಗ್ಲಿ ಬಿಡು. ನಿನ್ ಕಾಸು ಹೋಗ್ಲಿಲ್ವಲ್ಲ."

ಡಿಸೆಂಬರ್ ಮುಗಿಯಿತು. ಜನವರಿ ಹುಟ್ಟಿ ಎರಡನೆಯ ದಿನ, ಕಚೇರಿ ತುಂಬ ಜನರಿದ್ದ ಹೊತ್ತಿನಲ್ಲಿ ಆದಿನಾರಾಯಣಪ್ಪನವರು ಕರೆದರು. "ಲೇ ಪಿಳ್ಳಪ್ಪ, ನಾಳೆ ಮನೆ ಕಡೆ ಬಾರೋ. ಗಾಡಿ ಸೌದೆ ಬಂದಿದೆ, ಒಡೀಬೇಕು."

ಪಿಳ್ಳಪ್ಪ ಅವರ ಮೇಜಿನ ಮುಂದೆ ಬಂದು ನಿಂತು ಎಡಗೈ ಹೆಬ್ಬೆರಳನ್ನು ಎತ್ತಿ ಹಿಡಿದ.

"ಎರಡು ದಿನಾನಾ ಬುದ್ಧಿ, ಮೂರಾ? ಹೊಸ ವರ್ಷದ್ದು ಹದಿನೈದೂ ಹಂಗೇ ಐತೆ. ಈಗ್ಲೇ ಒತ್ತಿಬಿಡ್ತೀನಿ."

ಬರೆಯುತ್ತಿದ್ದವರ ಕೈಗಳು ನಿಂತವು. ಅರ್ಜಿ ಹಿಡಿದು ಬಂದಿದ್ದ ರೈತರು ಕತ್ತು ಚಾಚಿದರು. ಆದಿನಾರಾಯಣಪ್ಪನವರು ತಲೆ ಎತ್ತಿ ಅವನನ್ನೊಮ್ಮೆ ನೋಡಿದರು. ನಾಚಿಕೆ ಪಡುವರೆಂದು ಒಂದು ಗಳಿಗೆ ಎಲ್ಲರಿಗೂ ಅನ್ನಿಸಿತು. ಅವರು ಮಸಿಯ ಡಬ್ಬಿಯ ಮುಚ್ಚಳ ತೆಗೆದು ಅವನ ಕಡೆಗೆ ನೂಕಿದರು.

"ಮೂರು ಅಂತ ಬರೀರಿ ಚಿನ್ನಸ್ವಾಮಿ."

ಚಿನ್ನಸ್ವಾಮಿ ರಜಾ ಪುಸ್ತಕ ಬಿಡಿಸಿದ. ಪಿಳ್ಳಪ್ಪನ ಮುಖ ನೋಡದೆಯೇ ಕೇಳಿದ: "ಕಾರಣ... ಏನಂತ ಬರೀಲಿ?"

ಪಿಳ್ಳಪ್ಪ ಹೆಬ್ಬೆರಳನ್ನು ಮಸಿಗೆ ಅದ್ದಿದ.

"ಅಣ್ಣತಮ್ಮಂದಿರ ಪಾಲು ಅಂತ ಬರೀರಿ ಸ್ವಾಮಿ."